ನಾಬೋತನ ತೋಟ ಮತ್ತು ನಮ್ಮ ಸಹಿ



ಶೋಧನೆ, ಪಾಪ ಮತ್ತು ಅದರ ಸ್ವಂತ ಹೊಣೆ: ಈ ವರ್ಷದ ದತ್ತಿ ಉಪನ್ಯಾಸಕ್ಕೆ ಗೊತ್ತುಮಾಡಿದ ವಿಷಯ ಇದು. ಧರ್ಮೋಪದೇಶದ ಪುಸ್ತಕಗಳಲ್ಲಿ ಇದಕ್ಕೆ ಸಿದ್ಧ ಉತ್ತರಗಳಿವೆ, ಅವು ಸರಿಯಾದ ಉತ್ತರಗಳೂ ಹೌದು. ಆದರೆ ಬೇಗೂರಿನಲ್ಲಿ ನಿಂತು ಪಾಪದ ಮಾತಾಡುವವರು ನೆಲದಿಂದ ಶುರುಮಾಡಬೇಕು. ಕಳೆದ ನಾಲ್ಕೈದು ದಶಕಗಳಲ್ಲಿ ಈ ಊರಿನವರ ಮನಸ್ಸನ್ನು ಹೆಂಡ, ಜೂಜುಗಳಿಗಿಂತ ಹೆಚ್ಚಾಗಿ ಶೋಧನೆಗೆ ಒಡ್ಡಿದ್ದು ಅವರ ಕಾಲಡಿಯ ಮಣ್ಣು ಎಂದು ನಾನು ನಂಬಿದ್ದೇನೆ.

ಈ ಮಣ್ಣಿನ ದಾಖಲೆ ಬಹಳ ಹಳೆಯದು. ಗಂಗರ ಕಾಲದಲ್ಲಿ ಇದು ಬೆಂಪೂರು. ಸುತ್ತಲಿನ ಹಳ್ಳಿಗಳನ್ನು ಸೇರಿಸಿ ಬೆಂಪೂರು ಹನ್ನೆರಡು ಎನ್ನುತ್ತಿದ್ದರು. ನಾಗತ್ತರನೆಂಬ ವೀರ ಯುದ್ಧದಲ್ಲಿ ಮಡಿದ ಮೇಲೆ ಗಂಗರ ಎರೆಯಪ್ಪರಸ ಆ ಹನ್ನೆರಡನ್ನು ಇರುಗನೆಂಬವನಿಗೆ ಕೊಟ್ಟದ್ದನ್ನು ಕೆತ್ತಿದ ವೀರಗಲ್ಲು ಇಂದು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಇಲ್ಲೇ ನಾಗೇಶ್ವರ ದೇವಾಲಯದ ಆವರಣದಲ್ಲಿರುವ, ಸುಮಾರು ಕ್ರಿ.ಶ. 890ರ ಶಾಸನದಲ್ಲಿ ಬೆಂಗಳೂರಿನ ಕಾಳಗದ ಉಲ್ಲೇಖವಿದೆ. ಯಾರು ಕಾದಿದ, ಯಾರು ಸತ್ತ, ನೆಲ ಯಾರ ಪಾಲಾಯಿತು, ಎಲ್ಲವನ್ನೂ ಹೆಸರು ಹಿಡಿದು ಬರೆದ ಊರು ಇದು. ನಮ್ಮ ನಾಡಿನ ದಾನಶಾಸನಗಳು ಸಾಮಾನ್ಯವಾಗಿ ಒಂದು ಶಾಪದೊಂದಿಗೆ ಮುಗಿಯುತ್ತವೆ. ತಾನೇ ಕೊಟ್ಟಿರಲಿ, ಇನ್ನೊಬ್ಬರು ಕೊಟ್ಟಿರಲಿ, ಕೊಟ್ಟ ನೆಲವನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಸಿಗೆಯ ಹುಳುವಾಗುತ್ತಾನೆ ಎಂಬ ಶಾಪ. ನೆಲ ಕಿತ್ತ ಪಾಪ ಕಿತ್ತವನ ಬೆನ್ನನ್ನು ಬಿಡುವುದಿಲ್ಲ ಎಂಬ ಅರಿವು ಶಿಲುಬೆ ಈ ಸೀಮೆಗೆ ಬರುವ ಎಷ್ಟೋ ಶತಮಾನ ಮೊದಲೇ ಇಲ್ಲಿ ಬೇರೂರಿತ್ತು.

1978ರ ಸುಮಾರಿಗೆ ಪಕ್ಕದ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಕಿಯೋನಿಕ್ಸ್ ಸಂಸ್ಥೆ ಎಲೆಕ್ಟ್ರಾನಿಕ್ ಸಿಟಿಯನ್ನು ಕಟ್ಟತೊಡಗಿತು. ಆ ಸಂಸ್ಥೆಯ ಮುಖ್ಯಸ್ಥರಾಗಿದ್ದ ಆರ್.ಕೆ. ಬಾಳಿಗರ ಕನಸು ಅದು. ಅದರಿಂದ ಎಷ್ಟೋ ಮನೆಗಳಲ್ಲಿ ಒಲೆ ಉರಿದಿದೆ, ಮಕ್ಕಳು ಓದಿದ್ದಾರೆ. ಅದನ್ನು ನಾನು ಹಳಿಯಲಾರೆ. ಆದರೆ ರಾಗಿ, ಅವರೆ ಬೆಳೆಯುತ್ತಿದ್ದ ಹೊಲ ಎಕರೆ ಗುಂಟೆಯ ಲೆಕ್ಕ ಬಿಟ್ಟು ಚದರಡಿಯ ಲೆಕ್ಕಕ್ಕೆ ಬಂದಾಗ ಮನೆಮನೆಯಲ್ಲೂ ಒಂದು ಹೊಸ ಪ್ರಶ್ನೆ ಎದ್ದಿತು. ಮದುವೆಯಾಗಿ ಹೋದ ತಂಗಿಯ ಪಾಲೇನು? ಓದು ಬಾರದ ಚಿಕ್ಕಪ್ಪನ ಹೆಬ್ಬೆಟ್ಟು ಯಾವ ಕಾಗದಕ್ಕೆ ಬೀಳುತ್ತಿದೆ ಎಂದು ಅವನಿಗೆ ಓದಿ ಹೇಳುವವರು ಯಾರು? ಪಕ್ಕದ ರಾಜಕಾಲುವೆ ನಕ್ಷೆಯಲ್ಲಿ ಎಷ್ಟು ಅಗಲ, ನೆಲದ ಮೇಲೆ ಎಷ್ಟು ಅಗಲ?

ಸತ್ಯವೇದದಲ್ಲಿ ಈ ಪ್ರಶ್ನೆಗಳಿಗೆ ತೀರ ಹತ್ತಿರದ ಒಂದು ಕತೆಯಿದೆ. ಅರಸುಗಳ ಮೊದಲನೆಯ ಪುಸ್ತಕದ 21ನೇ ಅಧ್ಯಾಯ. ಇಜ್ರೇಲಿನಲ್ಲಿ ಅರಮನೆಗೆ ಅಂಟಿಕೊಂಡಂತೆ ನಾಬೋತನ ದ್ರಾಕ್ಷಿತೋಟ. ಅರಸ ಅಹಾಬನಿಗೆ ಅದು ಬೇಕಾಯಿತು, ತರಕಾರಿ ಬೆಳೆಯುವುದಕ್ಕೆ. ಅವನು ಮೊದಲು ಕೇಳಿದ ರೀತಿಯಲ್ಲಿ ಅನ್ಯಾಯವೇನೂ ಕಾಣುವುದಿಲ್ಲ. ಇದಕ್ಕಿಂತ ಒಳ್ಳೆಯ ತೋಟ ಕೊಡುತ್ತೇನೆ, ಬೇಡವೆಂದರೆ ಸರಿಯಾದ ಬೆಲೆ ಕೊಡುತ್ತೇನೆ ಎಂದ. ಪಿತ್ರಾರ್ಜಿತ ನೆಲವನ್ನು ಕೊಡಲಾರೆ ಎಂದ ನಾಬೋತ. ಅಹಾಬ ಮನೆಗೆ ಬಂದು ಮಂಚದ ಮೇಲೆ ಮುಖ ತಿರುಗಿಸಿ ಮಲಗಿದ, ಊಟ ಬಿಟ್ಟ. ರಾಣಿ ಈಜೆಬೆಲಳು ಕೇಳಿದಳು, ಅವನು ಹೇಳಿದ. ನಾನು ಕೊಡಿಸುತ್ತೇನೆ, ಏಳಿ, ಊಟ ಮಾಡಿ ಎಂದಳು. ಅವನ ಹೆಸರಿನಲ್ಲಿ ಊರ ಹಿರಿಯರಿಗೆ ಪತ್ರ ಬರೆದಳು, ಅವನ ಮುದ್ರೆ ಒತ್ತಿದಳು. ಊರ ಹಿರಿಯರು ಉಪವಾಸ ಸಾರಿದರು, ನಾಬೋತನನ್ನು ಜನರ ಮುಂದೆ ಕೂರಿಸಿದರು. ಇಬ್ಬರು ದುಷ್ಟರು ಅವನ ಮೇಲೆ ಸುಳ್ಳುಸಾಕ್ಷಿ ಹೇಳಿದರು. ಜನ ಅವನನ್ನು ಊರ ಹೊರಗೆ ಕಲ್ಲೆಸೆದು ಕೊಂದರು. ಅಹಾಬ ತೋಟ ವಶಮಾಡಿಕೊಳ್ಳಲು ಹೊರಟ.

ಇದರಲ್ಲಿ ಅಹಾಬ ಮಾಡಿದ್ದೇನು ಎಂದು ಒಂದೊಂದಾಗಿ ನೋಡಿ. ಪತ್ರ ಅವನು ಬರೆಯಲಿಲ್ಲ. ಸುಳ್ಳು ಹೇಳಲಿಲ್ಲ. ಕಲ್ಲು ಮುಟ್ಟಲಿಲ್ಲ. ಇಂದಿನ ನ್ಯಾಯಾಲಯದಲ್ಲಿ ಒಳ್ಳೆಯ ವಕೀಲ ಅವನನ್ನು ಬಿಡಿಸಿಕೊಂಡು ಬರಬಹುದು. ಆದರೆ ಪ್ರವಾದಿ ಎಲೀಯ ಹಿರಿಯರ ಬಳಿಗೆ ಹೋಗಲಿಲ್ಲ, ಸಾಕ್ಷಿದಾರರನ್ನು ಹುಡುಕಲಿಲ್ಲ. ನೇರವಾಗಿ ತೋಟಕ್ಕೆ ಬಂದು ಅಹಾಬನನ್ನು ಎದುರಿಸಿ, ಕೊಂದವನೂ ನೀನೇ, ಕಬಳಿಸಿದವನೂ ನೀನೇ ಎಂಬ ಅರ್ಥ ಬರುವಂತೆ ಆರೋಪ ಹೊರಿಸಿದ. ಕೊಲೆ ಎಂಬ ಮಾತನ್ನು ಅರಸನ ಮುಖದ ಮೇಲೇ ಹೇಳಿದ.

ಕ್ರೈಸ್ತ ವಿಶ್ವಾಸ ಪಾಪದ ಹೊಣೆಯನ್ನು ಎಲ್ಲಿಡುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಈ ಅಧ್ಯಾಯವನ್ನೇ ತೆರೆದು ತೋರಿಸುತ್ತೇನೆ. ಹಲವರ ಕೈ ಸೇರಿ ನಡೆದ ಅನ್ಯಾಯದಲ್ಲಿ ಹೊಣೆ ಹಂಚಿ ಹಂಚಿ ಸಣ್ಣದಾಗುವುದಿಲ್ಲ. ಪ್ರತಿಯೊಬ್ಬನ ಮುಂದೆಯೂ ಇಡಿಯಾಗಿ ನಿಲ್ಲುತ್ತದೆ. ಈಜೆಬೆಲಳಿಗೂ ಅದೇ ಅಧ್ಯಾಯದಲ್ಲಿ ಶಿಕ್ಷೆ ಸಾರಲಾಗಿದೆ. ಅವಳ ಪಾಪದಿಂದ ಅವನ ಪಾಪ ಒಂದು ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ.

ಹಾಗಾದರೆ ಅಹಾಬನ ಪಾಪ ಎಲ್ಲಿ ಶುರುವಾಯಿತು? ತೋಟ ಕಂಡು ಆಸೆಪಟ್ಟಾಗಲೇ? ಅಲ್ಲ. ಯಾಕೋಬನ ಪತ್ರದ ಮೊದಲ ಅಧ್ಯಾಯ ಇದನ್ನು ಗರ್ಭ, ಹೆರಿಗೆಗಳ ಮಾತಿನಲ್ಲಿ ವಿವರಿಸುತ್ತದೆ. ಶೋಧನೆ ಬಂದಾಗ ಯಾರೂ ಅದನ್ನು ದೇವರ ತಲೆಗೆ ಕಟ್ಟಬಾರದು. ಪ್ರತಿಯೊಬ್ಬನನ್ನೂ ಸೆಳೆಯುವುದು ಅವನವನ ಆಸೆಯೇ. ಆಸೆ ಬಸಿರಾಗಿ ಪಾಪವನ್ನು ಹೆರುತ್ತದೆ, ಬೆಳೆದ ಪಾಪ ಸಾವನ್ನು ಹೆರುತ್ತದೆ. ಆಸೆಗೂ ಪಾಪಕ್ಕೂ ನಡುವೆ ಒಂದು ಕಾಲಾವಧಿ ಇದೆ ಎಂದಾಯಿತು. ಅಹಾಬನಿಗೆ ಆ ಅವಧಿ ಮಂಚದ ಮೇಲೆ ಕಳೆಯಿತು. ಆಗದು ಎಂಬ ಉತ್ತರ ಸಿಕ್ಕ ಮೇಲೂ ಆಸೆಯನ್ನು ಅವನು ಮಡಿಲಲ್ಲಿಟ್ಟು ಸಾಕಿದ. ಕೊಡಿಸುತ್ತೇನೆ ಎಂದು ಹೆಂಡತಿ ಹೇಳಿದಾಗ, ಹೇಗೆ ಕೊಡಿಸುತ್ತೀಯೆ ಎಂದು ಕೇಳಲಿಲ್ಲ. ಆ ಕೇಳದಿರುವಿಕೆಯಲ್ಲೇ ಅವನ ಒಪ್ಪಿಗೆ ಇತ್ತು ಎಂದು ನಾನು ಓದುತ್ತೇನೆ. ಬಲಿಪೂಜೆಯ ಆರಂಭದ ಪಾಪನಿವೇದನೆಯಲ್ಲಿ ನಾವು ಆಲೋಚನೆ, ಮಾತು, ಕೃತಿಗಳ ಜೊತೆಗೆ ಮಾಡದೆ ಬಿಟ್ಟದ್ದನ್ನೂ ಒಪ್ಪಿಕೊಂಡು ಎದೆ ಬಡಿದುಕೊಳ್ಳುತ್ತೇವಲ್ಲ, ಅಹಾಬನಂಥವರಿಗಾಗಿಯೇ ಆ ಮಾತು ಅಲ್ಲಿದೆ.

ಪಾಪದ ಬೇರು ಆಸೆಯಲ್ಲಿದೆ ಎಂಬುದು ಕನ್ನಡಿಗರ ಕಿವಿಗೆ ಹೊಸದಲ್ಲ. ಹೊನ್ನು, ಹೆಣ್ಣು, ಮಣ್ಣುಗಳ ಮೇಲೆ ಹೊರಿಸಿದ್ದ ಮಾಯೆಯ ಆರೋಪವನ್ನು ಅಲ್ಲಮಪ್ರಭು ಅಲ್ಲಿಂದ ಎತ್ತಿ ಮನಸ್ಸಿನ ಆಸೆಯ ಮೇಲೆ ಇಟ್ಟವನು. ತತ್ವದ ದಾರಿಗಳು ಬೇರೆ ಬೇರೆ. ಆದರೆ ಹೊರಗಿನ ವಸ್ತುವನ್ನು ದೂರಿ ಮನುಷ್ಯ ಪಾರಾಗಲಾರ ಎಂಬ ಈ ಒಂದು ಜಾಗದಲ್ಲಿ ಯಾಕೋಬನೂ ಅಲ್ಲಮನೂ ನೆರೆಯವರು.

ದೂರುವುದು ಮಾತ್ರ ಮನುಷ್ಯನಷ್ಟೇ ಹಳೆಯದು. ಏದೆನ್ ತೋಟದಲ್ಲಿ ಆದಾಮ ಹೆಂಡತಿಯನ್ನು ದೂರಿದ, ಅವಳನ್ನು ಕೊಟ್ಟದ್ದು ನೀನೇ ಎಂದು ದೇವರನ್ನೂ ಅದರಲ್ಲಿ ಸೇರಿಸಿದ. ಹವ್ವೆ ಸರ್ಪವನ್ನು ದೂರಿದಳು. ಸೀನಾಯಿ ಬೆಟ್ಟದ ಕೆಳಗೆ ಚಿನ್ನದ ಕರು ಎರಕಹೊಯ್ದ ಆರೋನ, ಮೋಶೆ ಕೇಳಿದಾಗ ಕೊಟ್ಟ ಉತ್ತರ ವಿಮೋಚನಕಾಂಡದ 32ನೇ ಅಧ್ಯಾಯದಲ್ಲಿದೆ: ಜನ ಕೊಟ್ಟ ಚಿನ್ನವನ್ನು ಬೆಂಕಿಗೆ ಹಾಕಿದೆ, ಈ ಕರು ಹೊರಬಂತು. ಅದನ್ನು ಕೆತ್ತಿ ರೂಪ ಕೊಟ್ಟವನು ಅವನೇ ಎಂದು ಅದೇ ಅಧ್ಯಾಯ ಕೆಲವೇ ಸಾಲುಗಳ ಹಿಂದೆ ಹೇಳಿರುತ್ತದೆ. ಪಿಲಾತ ನೀರು ತರಿಸಿ ಕೈ ತೊಳೆದ. ಇವತ್ತು ನಾವು ಹೇಳುವುದೂ ಹೀಗೆಯೇ. ಬ್ರೋಕರ್ ಮಾಡಿಸಿದ, ಆಡಿಟರ್ ಹಾಗೆ ಬರೆ ಎಂದ, ಮೇಲಿನವರು ಒತ್ತಡ ಹಾಕಿದರು, ಎಲ್ಲರೂ ಮಾಡುತ್ತಾರೆ, ಗ್ರಹಚಾರ ಸರಿಯಿರಲಿಲ್ಲ.

ನಮ್ಮ ಪ್ರಾರ್ಥನಾಕೂಟಗಳಲ್ಲಿ ಇನ್ನೊಂದು ನೆಪ ಬೆಳೆದಿದೆ, ಅದನ್ನು ನೋವಿನಿಂದಲೇ ಹೇಳುತ್ತೇನೆ: ಸೈತಾನ ಮಾಡಿಸಿದ. ಕುಡಿತದ ಆತ್ಮ, ಸಿಟ್ಟಿನ ಆತ್ಮ, ಮೋಹದ ಆತ್ಮ. ಸೈತಾನ ಇದ್ದಾನೆ ಎಂದೇ ನಮ್ಮ ವಿಶ್ವಾಸ ಹೇಳುತ್ತದೆ. ಆದರೆ ಅವನ ಕೈಗೆ ಎಷ್ಟು ಬಲ ಕೊಡುತ್ತದೆ? ಮತ್ತಾಯನ ಶುಭಸಂದೇಶದ 4ನೇ ಅಧ್ಯಾಯದಲ್ಲಿ ಅವನು ಯೇಸುಸ್ವಾಮಿಯನ್ನು ದೇವಾಲಯದ ಶಿಖರದ ಮೇಲೆ ನಿಲ್ಲಿಸಿ, ಕೆಳಕ್ಕೆ ಧುಮುಕು ಎನ್ನುತ್ತಾನೆ. ಅಷ್ಟು ಎತ್ತರಕ್ಕೆ ಒಯ್ದವನು ಒಂದು ಬೆರಳಿನಿಂದಲೂ ತಳ್ಳುವುದಿಲ್ಲ. ಧುಮುಕುವ ಕೆಲಸವನ್ನು ಧುಮುಕುವವರೇ ಮಾಡಬೇಕು. ಕರೆಯುವುದರಾಚೆಗೆ ಅವನ ಅಧಿಕಾರ ಹೋಗುವುದಿಲ್ಲ. ಗಂಡ ಕುಡಿದು ಹೊಡೆದದ್ದು ದುರಾತ್ಮದ ಕೆಲಸ ಎಂದು ಯಾವುದೇ ಕೂಟದಲ್ಲಿ ಒಬ್ಬ ಹೆಣ್ಣುಮಗಳಿಗೆ ಸಮಾಧಾನ ಹೇಳಿದರೆ, ಅಲ್ಲಿ ಹೊಡೆದವನಿಗೆ ಪಶ್ಚಾತ್ತಾಪದ ಬಾಗಿಲನ್ನೇ ಮುಚ್ಚಿದಂತಾಗುತ್ತದೆ. ತನ್ನದಲ್ಲದ ತಪ್ಪಿಗೆ ಯಾರು ಕ್ಷಮೆ ಕೇಳುತ್ತಾರೆ?

ನಾನು ಹೇಳಬೇಕೆಂದಿರುವ ಮಾತು ಇದೇ. ಪಾಪ ನನ್ನದು ಎಂದು ಒಪ್ಪುವುದನ್ನು ನಾವು ಅವಮಾನ ಎಂದುಕೊಂಡಿದ್ದೇವೆ. ಅದು ದೇವರು ಮನುಷ್ಯನಿಗೆ ಕೊಟ್ಟ ಗೌರವ. ಕಾಯಿನ ತಮ್ಮನ ಮೇಲೆ ಕೈಯೆತ್ತುವ ಮೊದಲೇ ದೇವರು ಅವನ ಬಳಿ ಮಾತಾಡುತ್ತಾರೆ: ಪಾಪ ಬಾಗಿಲಲ್ಲಿ ಹೊಂಚುಹಾಕಿದೆ, ನೀನು ಅದನ್ನು ಆಳಬೇಕು. ಆಳಬಲ್ಲವನಿಗೆ ಮಾತ್ರ ಹೀಗೆ ಹೇಳುವುದುಂಟು. ಅಪ್ಪಂದಿರು ಹುಳಿದ್ರಾಕ್ಷಿ ತಿಂದದ್ದಕ್ಕೆ ಮಕ್ಕಳ ಹಲ್ಲು ಚಳಿತುಹೋಯಿತು ಎಂಬ ಗಾದೆಯನ್ನು ಇನ್ನು ಆಡಬೇಡಿ ಎಂದು ಯೆಹೆಜ್ಕೇಲನ 18ನೇ ಅಧ್ಯಾಯ ತಡೆಯುತ್ತದೆ; ಸೆರೆಯಾಗಿ ಬಾಬಿಲೋನಿಗೆ ಹೋದ, ಎಲ್ಲಕ್ಕೂ ಹಿಂದಿನವರನ್ನು ದೂರಲು ಕಾರಣವಿದ್ದ ಜನರಿಗೆ ಆ ಮಾತು ಹೇಳಲಾಯಿತು.

ಹಾಗಾದರೆ ಆದಾಮನ ಪಾಪ ನಮಗೆ ಬಂತು ಎಂಬ ಬೋಧನೆ ಏನಾಯಿತು ಎಂದು ಕೇಳಬಹುದು. ಐದನೇ ಶತಮಾನದಲ್ಲಿ ದೇವಶಾಸ್ತ್ರಿಗಳಾದ ಪೆಲಾಗಿಯಸ್ ಮತ್ತು ಅಗಸ್ಟೀನರ ನಡುವೆ ನಡೆದ ವಾದ ಇದೇ. ದೇವರು ಆಜ್ಞೆ ಕೊಟ್ಟಿದ್ದಾರೆಂದರೆ ಪಾಲಿಸುವ ಶಕ್ತಿ ಮನುಷ್ಯನಲ್ಲಿ ಇದ್ದೇ ಇದೆ ಎಂದರು ಪೆಲಾಗಿಯಸ್. ನಮ್ಮ ಸಂಕಲ್ಪವೇ ಗಾಯಗೊಂಡಿದೆ, ಕೃಪೆಯಿಲ್ಲದೆ ಅದು ಏಳಲಾರದು ಎಂದರು ಅಗಸ್ಟೀನ್. 418ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಧರ್ಮಸಭೆ ಪೆಲಾಗಿಯಸ್‌ರ ಬೋಧನೆಯನ್ನು ತಳ್ಳಿಹಾಕಿತು. ಆದರೆ ಅದೇ ಅಗಸ್ಟೀನ್ ತಮ್ಮ ಆತ್ಮನಿವೇದನೆಯಲ್ಲಿ, ಹದಿನಾರರ ವಯಸ್ಸಿನಲ್ಲಿ ಗೆಳೆಯರೊಡನೆ ಪೇರುಹಣ್ಣು ಕದ್ದ ಒಂದು ರಾತ್ರಿಗಾಗಿ ಪುಟಗಟ್ಟಲೆ ಮೀಸಲಿಟ್ಟಿದ್ದಾರೆ. ಹಸಿವಿರಲಿಲ್ಲ, ಹಣ್ಣೂ ಚೆನ್ನಾಗಿರಲಿಲ್ಲ, ಕದ್ದದ್ದು ಕದಿಯುವ ಖುಷಿಗೆ ಎನ್ನುತ್ತಾರೆ. ಆದಾಮನನ್ನು ಎಲ್ಲರಿಗಿಂತ ಹೆಚ್ಚು ನೆನೆದವರು ಆ ರಾತ್ರಿಯ ಹೊಣೆಯನ್ನು ಆದಾಮನಿಗೆ ದಾಟಿಸಲಿಲ್ಲ.

ಈ ವಾದಕ್ಕೆ ಬದುಕಿನಲ್ಲಿ ಉತ್ತರ ಕಂಡುಕೊಂಡವರು ಕುಡಿತದಿಂದ ಹೊರಬಂದವರು. 1935ರಲ್ಲಿ ಅಮೆರಿಕದ ಏಕ್ರನ್ ಊರಿನಲ್ಲಿ ಶುರುವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟಗಳು ಇಂದು ಬೆಂಗಳೂರಿನಲ್ಲೂ ನಡೆಯುತ್ತವೆ. ಅವರ ಹನ್ನೆರಡು ಹೆಜ್ಜೆಗಳಲ್ಲಿ ಮೊದಲನೆಯದು, ಮದ್ಯದ ಮುಂದೆ ನಾನು ಸೋತಿದ್ದೇನೆ ಎಂಬ ಒಪ್ಪಿಗೆ. ನಾಲ್ಕನೆಯದು ತನ್ನ ನಡತೆಯನ್ನು ಅಂಜದೆ ಲೆಕ್ಕಹಾಕುವುದು, ಐದನೆಯದು ಆ ತಪ್ಪುಗಳನ್ನು ದೇವರ ಮುಂದೆ, ಇನ್ನೊಬ್ಬ ಮನುಷ್ಯನ ಮುಂದೆ ಬಾಯಿಬಿಟ್ಟು ಹೇಳುವುದು, ಎಂಟು ಒಂಬತ್ತನೆಯವು ನೋಯಿಸಿದವರ ಪಟ್ಟಿ ಮಾಡಿ ಹೋಗಿ ಸರಿಪಡಿಸುವುದು. ಶಕ್ತಿ ನನ್ನದಲ್ಲ, ಲೆಕ್ಕ ಮಾತ್ರ ನನ್ನದು ಎಂದು ಅವರು ಒಟ್ಟಿಗೇ ಹೇಳುತ್ತಾರೆ. ದೇವಶಾಸ್ತ್ರಿಗಳು ಬಿಡಿಸಲು ಒದ್ದಾಡಿದ ಗಂಟನ್ನು ಇವರು ಕಟ್ಟಿಕೊಂಡೇ ನಡೆಯುತ್ತಿದ್ದಾರೆ, ಅನೇಕರು ಉಳಿದುಕೊಂಡಿದ್ದಾರೆ.

ಇಷ್ಟು ಹೇಳಿ ನಿಲ್ಲಿಸಿದರೆ ನಾನು ಅನ್ಯಾಯ ಮಾಡಿದಂತಾಗುತ್ತದೆ. ಹೊಣೆಯ ಮಾತನ್ನು ಬಲವುಳ್ಳವರು ಬಲವಿಲ್ಲದವರ ಮೇಲೆ ಪ್ರಯೋಗಿಸುವುದು ಸುಲಭ. ಹೊಣೆಗೆ ಅಳತೆಯುಂಟು: ಎಷ್ಟು ಸ್ವಾತಂತ್ರ್ಯವೋ ಅಷ್ಟು ಹೊಣೆ. ಅಜ್ಞಾನ, ಬಲಾತ್ಕಾರ, ಭಯ, ಬಿಡಿಸಲಾಗದ ಅಭ್ಯಾಸಗಳು ಹೊಣೆಯನ್ನು ತಗ್ಗಿಸುತ್ತವೆ, ಕೆಲವೊಮ್ಮೆ ಇಲ್ಲವಾಗಿಸುತ್ತವೆ ಎಂದು 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥ ಸ್ಪಷ್ಟವಾಗಿ ಹೇಳುತ್ತದೆ. ನಮ್ಮ ನಾಡಿನ ಚರಿತ್ರೆಯಲ್ಲೇ ಇದು ಪರೀಕ್ಷೆಗೆ ಬಂದಿದೆ. ಎರಡನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಕೆನರಾ ಕರಾವಳಿಯ ಕ್ರೈಸ್ತರನ್ನು ಟಿಪ್ಪುವಿನ ಸೈನ್ಯ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿತು. 1784ರ ವಿಭೂತಿ ಬುಧವಾರದ ಹೊತ್ತಿಗೆ ಅದಾಯಿತೆಂದು ಆ ಸಮುದಾಯ ನೆನೆಯುತ್ತದೆ. ಅನೇಕರು ದಾರಿಯಲ್ಲಿ ಸತ್ತರು, ಅನೇಕರನ್ನು ಬಲವಂತದಿಂದ ಮತಾಂತರಿಸಲಾಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಚದುರಿದ ಕ್ರೈಸ್ತರನ್ನು ಒಟ್ಟುಗೂಡಿಸಲು ಬಂದವರು ಫ್ರೆಂಚ್ ಗುರು ಅಬ್ಬೆ ದ್ಯುಬುವಾ. ಕತ್ತಿಯ ಕೆಳಗೆ ವಿಶ್ವಾಸ ಬಿಟ್ಟವರು ಅವರ ಮುಂದೆ ಬಂದು ನಿಂತರು, ಅವರನ್ನು ಮತ್ತೆ ಸಭೆಗೆ ಸೇರಿಸಿಕೊಳ್ಳಲಾಯಿತು. 250ರಲ್ಲಿ ರೋಮಿನ ಚಕ್ರವರ್ತಿ ಡೇಸಿಯಸ್‌ನ ಹಿಂಸೆಗೆ ಮಣಿದವರ ಬಗ್ಗೆ ಕಾರ್ಥೇಜಿನ ಬಿಷಪ್ ಸಿಪ್ರಿಯನರ ಮುಂದೆಯೂ, ಅವರನ್ನು ಮತ್ತೆ ಸೇರಿಸಿಕೊಳ್ಳಬೇಕೇ ಎಂಬ ಇದೇ ಪ್ರಶ್ನೆ ಬಂದಿತ್ತು. ಕೊನೆಗೆ ಅಲ್ಲಿಯೂ ಬಾಗಿಲು ತೆರೆಯಿತು.

ಇನ್ನೊಂದು ಮಾತು ದಲಿತ ಕ್ರೈಸ್ತರಿಂದ ಬಂದದ್ದು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣದಿಂದ ದಲಿತ ದೇವಶಾಸ್ತ್ರ ಎಂಬ ಚಿಂತನೆ ದನಿ ಪಡೆಯಿತು. ಆ ಚಿಂತನೆಯಿಂದ ನಾನು ಕೇಳಿಸಿಕೊಂಡ ಪ್ರಶ್ನೆ ಇದು: ತಲೆತಲಾಂತರ ಪಾಪಕ್ಕೆ ಗುರಿಯಾದವರ ಮುಂದೆ ನಿಂತು, ನೀವು ಪಾಪಿಗಳು ಎಂಬುದನ್ನಷ್ಟೇ ಸಭೆ ಏಕೆ ಹೇಳಿತು? ಜಾತಿ ನೋಡಿ ಹೆಣ್ಣು ಕೊಡುವ, ಜಾತಿ ನೋಡಿ ಸಮಾಧಿಯ ಜಾಗ ಗುರುತಿಸುವ ಕ್ರೈಸ್ತರು ನಮ್ಮಲ್ಲಿ ಇದ್ದಾರೆ. ವ್ಯವಸ್ಥೆಯ ಪಾಪ ಎಂದು ಅದಕ್ಕೊಂದು ಹೆಸರಿಟ್ಟು ನಿಟ್ಟುಸಿರುಬಿಟ್ಟರೆ ಸಾಲದು. ಜಗದ್ಗುರು ಎರಡನೇ ಜಾನ್ ಪೌಲರು 1984ರಲ್ಲಿ ಬರೆದಂತೆ, ಸಾಮಾಜಿಕ ಪಾಪವೆಂಬುದು ಎಷ್ಟೋ ಜನರ ವೈಯಕ್ತಿಕ ಪಾಪಗಳು ಕೂಡಿ ಗಟ್ಟಿಯಾದದ್ದು: ಮಾಡಿದವರು, ಲಾಭ ಪಡೆದವರು, ತಡೆಯಬಹುದಾಗಿದ್ದೂ ಹೆದರಿಕೆಯಿಂದಲೋ ಸೋಮಾರಿತನದಿಂದಲೋ ಸುಮ್ಮನಿದ್ದವರು. ಇಜ್ರೇಲಿನ ಹಿರಿಯರು ಮೂರನೆಯ ಸಾಲಿನಲ್ಲೂ ಕಾಣುತ್ತಾರೆ, ಮೊದಲನೆಯದರಲ್ಲೂ ಕಾಣುತ್ತಾರೆ.

ಶೋಧನೆಯನ್ನೇ ವ್ಯಾಪಾರ ಮಾಡಿಕೊಂಡವರ ಬಗ್ಗೆ ಬೇಗ ಒಂದು ಮಾತು. ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ಆಟಗಳನ್ನು 2021ರಲ್ಲಿ ನಮ್ಮ ರಾಜ್ಯ ನಿಷೇಧಿಸಿತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದುಮಾಡಿತು, 2025ರ ಆಗಸ್ಟಿನಲ್ಲಿ ಸಂಸತ್ತು ದೇಶಕ್ಕೆಲ್ಲ ಅನ್ವಯಿಸುವ ಕಾನೂನು ತಂದಿತು. ಸಂಬಳದ ದಿನದಂದೇ ಸಂಬಳ ಕಳೆದುಕೊಂಡ ಹುಡುಗನ ಹೊಣೆ ಅವನದೇ. ಅವನ ಬೆರಳು ಎಲ್ಲಿ ಜಾರುತ್ತದೆಂದು ಅಳೆದು ಬಲೆ ಹೆಣೆದವರ ಹೊಣೆ ಬೇರೆಯೇ ಇದೆ. ಎಡವುಗಲ್ಲುಗಳು ಬಂದೇ ಬರುತ್ತವೆ, ಆದರೆ ತಂದಿಟ್ಟವನ ಗತಿ ಭಯಂಕರ ಎಂದು ಯೇಸುಸ್ವಾಮಿ ಎಚ್ಚರಿಸಿದ್ದು ಅಂಥವರನ್ನು.

ಈಗ ಮತ್ತೆ ತೋಟಕ್ಕೆ ಬರೋಣ. ಎಲೀಯನ ಮಾತು ಕೇಳಿ ಅಹಾಬ ಬಟ್ಟೆ ಹರಿದುಕೊಂಡ, ಗೋಣಿತಟ್ಟು ಉಟ್ಟ, ಉಪವಾಸ ಮಾಡಿದ, ತಲೆತಗ್ಗಿಸಿ ನಡೆದ. ದೇವರು ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡು ಶಿಕ್ಷೆಯನ್ನು ಮುಂದೂಡಿದರು. ಆದರೆ ತೋಟವನ್ನು ನಾಬೋತನ ಮನೆಯವರಿಗೆ ಹಿಂದಿರುಗಿಸಿದ ಎಂಬ ಒಂದು ಸಾಲು ಎಲ್ಲಿಯೂ ಇಲ್ಲ. ನಾಬೋತನ ಮಕ್ಕಳ ರಕ್ತವನ್ನೂ ಸುರಿಸಲಾಯಿತು ಎಂದು ಅರಸುಗಳ ಎರಡನೆಯ ಪುಸ್ತಕ ಹೇಳುತ್ತದೆ. ಮುಂದೆ ಅಹಾಬನ ಮಗ ಯೋರಾಮನ ಹೆಣವನ್ನು ಎಸೆದದ್ದು ಅದೇ ನೆಲದಲ್ಲಿ. ಇದರ ಪಕ್ಕದಲ್ಲಿ ಜೆರಿಕೋದ ಸುಂಕದವನಾದ ಜಕ್ಕಾಯನನ್ನು ಇಟ್ಟು ನೋಡಿ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸು ಎಂದು ಅವನು ಎದ್ದುನಿಂತು ಹೇಳುತ್ತಾನೆ. ಈ ಮನೆಗೆ ಉದ್ಧಾರ ಬಂತು ಎಂಬ ಮಾತು ಯೇಸುಸ್ವಾಮಿಯ ಬಾಯಿಂದ ಬರುವುದು ಆಮೇಲೆ. ಕದ್ದ ವಸ್ತುವನ್ನು ಒಡೆಯನಿಗೆ ಹಿಂದಿರುಗಿಸಬೇಕೆಂದು ಧರ್ಮೋಪದೇಶ ಗ್ರಂಥದ 2412ನೇ ಕಂಡಿಕೆ ವಿಧಿಸುತ್ತದೆ. ತಪಸ್ಸುಕಾಲದಲ್ಲಿ ಪಾಪನಿವೇದನೆಗೆ ಸಾಲು ನಿಲ್ಲುವ ನಾವು ಈ ಕಂಡಿಕೆಯನ್ನು ಮರೆಯುತ್ತೇವೆ. ಗುರುಗಳ ಕಿವಿಯಲ್ಲಿ ಹೇಳಿದ್ದು ತಂಗಿಯ ಮನೆಯ ಬಾಗಿಲಿಗೂ ಹೋಗಬೇಕು.

ತಂಗಿಯ ಹಕ್ಕು ಏನೆಂಬುದರಲ್ಲಿ ಗೊಂದಲವೂ ಬೇಡ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ, ಉಯಿಲು ಬರೆಯದೆ ತೀರಿಹೋದ ಕ್ರೈಸ್ತ ತಂದೆಯ ಆಸ್ತಿಯಲ್ಲಿ ಮಗನಿಗೂ ಮಗಳಿಗೂ ಸಮಪಾಲು. ಕೇರಳದ ಮೇರಿ ರಾಯ್ ಅವರು ಸುಪ್ರೀಂ ಕೋರ್ಟಿನವರೆಗೆ ಹೋಗಿ 1986ರಲ್ಲಿ ಅಲ್ಲಿನ ಹೆಣ್ಣುಮಕ್ಕಳಿಗೂ ಇದನ್ನು ಗಟ್ಟಿಮಾಡಿಸಿದರು. ಹಕ್ಕುಬಿಡುಗಡೆ ಪತ್ರಕ್ಕೆ ತಂಗಿ ಸಂತೋಷದಿಂದ, ಬೆಲೆ ತಿಳಿದು ಸಹಿ ಹಾಕಿದ್ದರೆ ಅದು ಅವಳ ಔದಾರ್ಯ. ತವರು ತಪ್ಪಿಹೋಗುತ್ತದೆಂಬ ಅಂಜಿಕೆಯಿಂದ, ಸೈಟಿನ ಬೆಲೆ ಎಷ್ಟೆಂದು ತಿಳಿಯದೆ ಹಾಕಿದ್ದರೆ, ಆ ಸಹಿ ಅವಳದಾದರೂ ಹೊಣೆ ಹಾಕಿಸಿಕೊಂಡವನದು. ಅವಳಿಗೆ ಬೆಲೆ ಹೇಳಿ, ಮತ್ತೆ ಕೇಳಿ. ಬೇಡವೆಂದರೆ ಅವಳ ಇಷ್ಟ. ಬೇಕೆಂದರೆ ಉಪನೋಂದಣಿ ಕಚೇರಿಯಲ್ಲಿ ಅವಳ ಹೆಸರಿಗೆ ದಾನಪತ್ರ ಬರೆಸಬಹುದು; ಒಡಹುಟ್ಟಿದವರ ನಡುವಿನ ದಾನಪತ್ರಕ್ಕೆ ಕ್ರಯಪತ್ರದಷ್ಟು ಮುದ್ರಾಂಕ ಶುಲ್ಕವೂ ಇಲ್ಲ.